ಲಿಂಕಿನ ಬಾಲ ಹಿಡಿಯುವ ಪ್ಲಸ್ಸಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಡಿಪೋದ ಅಂಗಳದಲ್ಲಿ ಬಸ್ಸುಗಳು ಒಂದೊಂದಾಗಿ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿವೆ. ಗೇಟಿನ ಪಕ್ಕದ ಪುಟ್ಟ ಕೋಣೆಯ ಕಿಟಕಿಯೊಳಗೆ ಮೊಬೈಲ್ ಹಿಡಿದ ಕೈಯೊಂದು ತೂರುತ್ತದೆ.

"ಅಕ್ಕಾ, ಪಾರ್ಸೆಲ್ ಬಂದಿದೆಯಂತೆ. ವಿಳಾಸ ಸರಿ ಮಾಡೋಕೆ ಈ ಲಿಂಕ್ ಒತ್ತಬೇಕಂತೆ."

"ನೀನೇನಾದ್ರೂ ತರಿಸಿದ್ಯಾ?"

"ಇಲ್ವಲ್ಲ."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಕೇಳಿದ್ದೆ. ಇಲ್ಲಿ ಮದುವೇನೇ ಆಗಿಲ್ಲ! ಮುಟ್ಟಬೇಡ, ತಾ ಇಲ್ಲಿ."

ಕಿಟಕಿಯಾಚೆ ಸಾಲು ನಿಂತ ಚಾಲಕರೆಲ್ಲ ಗೊಳ್ಳೆಂದು ನಗುತ್ತಾರೆ. ಕನ್ನಡಕ ಏರಿಸಿಕೊಂಡ ಈಕೆ ಈ ಡಿಪೋದ ಟೈಂ ಕೀಪರ್. ದಿನಕ್ಕೆ ನೂರಾ ಹನ್ನೆರಡು ಬಸ್ಸು ಹೊರಡುವ ವೇಳೆ ಬರೆದುಕೊಂಡು, ಮೈಕಿನಲ್ಲಿ ಕೂಗಿ ಹೇಳುವುದು ಇವರ ಕೆಲಸ. ಆ ನಡುವೆಯೇ ದಿನಕ್ಕೆ ಇಪ್ಪತ್ತೋ ಇಪ್ಪತ್ತೈದೋ ಅನುಮಾನದ ಲಿಂಕುಗಳನ್ನು ಜಾಲಾಡಿ ಕೊಡುತ್ತಾರೆ. ಅದಕ್ಕೆ ಸಂಬಳವಿಲ್ಲ, ಹುದ್ದೆಯ ಹೆಸರೂ ಇಲ್ಲ. ಜನ ಇಟ್ಟ ಹೆಸರೊಂದಿದೆ: ಪ್ಲಸ್ಸಕ್ಕ.

ಆ ಹೆಸರು ಬಂದದ್ದು ಇವರ ಕೈಚಳಕದಿಂದ. ಲಿಂಕನ್ನು ಒತ್ತಿ ಹಿಡಿದು, ತೆರೆಯದೆ ನಕಲು ಮಾಡಿಕೊಳ್ಳುತ್ತಾರೆ. ಬೇರೆಡೆ ಅಂಟಿಸಿ ಅದರ ಬಾಲಕ್ಕೊಂದು ಕೂಡಿಸುವ ಚಿಹ್ನೆ ಹಾಕುತ್ತಾರೆ. ಕೆಲವು ಬಗೆಯ ಗಿಡ್ಡ ಲಿಂಕುಗಳು ಆಗ ಕರೆದೊಯ್ಯುವ ಬದಲು, ಎಲ್ಲಿಗೆ ಹೋಗುತ್ತೇವೆಂದು ಬಾಯಿಬಿಡುತ್ತವೆ. ಬಾಯಿಬಿಡದವನ್ನು, ಗಿಡ್ಡ ಲಿಂಕನ್ನು ಬಿಡಿಸಿ ಪೂರ್ತಿ ವಿಳಾಸ ತೋರಿಸುವ ತಾಣಕ್ಕೆ ಹಾಕುತ್ತಾರೆ.

"ಗಿಡ್ಡ ಲಿಂಕು ಅಂದ್ರೆ ಬೋರ್ಡ್ ಇಲ್ಲದ ಬಸ್ಸು. ಎಲ್ಲಿಗೆ ಹೋಗುತ್ತೆ ಅಂತ ಕೇಳದೆ ಹತ್ತುತ್ತೀವಾ?" ಎನ್ನುತ್ತಾರೆ. "ಪೂರ್ತಿ ವಿಳಾಸ ಸಿಕ್ಕಿದ್ರೂ ಮುಂಭಾಗ ನೋಡಿ ಮರುಳಾಗಬಾರದು. ಮುಂದೆ ಯಾರ ಹೆಸರು ಬೇಕಾದ್ರೂ ಅಂಟಿಸಬಹುದು. ಆಮೇಲೆ ಮೊದಲನೇ ಒಂಟಿ ಓರೆಗೆರೆ, ಸ್ಲ್ಯಾಶು, ಬರುತ್ತಲ್ಲ, ಅದರ ಎಡಕ್ಕೆ ಅಂಟಿಕೊಂಡಿರೋ ಹೆಸರೇ ಅಸಲಿ ಯಜಮಾನ. ಆಗಲೂ ಅನುಮಾನ ಇದ್ರೆ, ನಮ್ಮ ಹತ್ರ ಮೊದಲಿಂದ ಇರೋ ನಂಬರಿಗೆ ಫೋನ್ ಮಾಡಿ ಕೇಳಬೇಕು."

ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವರು ಇವರು. ಮಂಡಿ ಕೈಕೊಟ್ಟ ಮೇಲೆ ಈ ಕುರ್ಚಿಗೆ ಬಂದರು. ಬಂದ ವರ್ಷವೇ ತಂಗಿ ಕಳಿಸಿದ ಲಿಂಕೊಂದನ್ನು ಹಿಂದುಮುಂದು ನೋಡದೆ ಒತ್ತಿದರು. ತಂಗಿಯ ಫೋನು ಆಗಲೇ ಬೇರೆಯವರ ಕೈಸೇರಿತ್ತು, ಇವರದೂ ಸೇರಿತು. ಇವರ ಹೆಸರಿನಲ್ಲಿ ಅದೇ ಲಿಂಕು ಇನ್ನೂರು ಜನಕ್ಕೆ ಹೋಯಿತು.

"ನನ್ನ ಮೇಲಿನ ನಂಬಿಕೆಯಿಂದ ನಮ್ಮ ಭಾವ ಒತ್ತಿಬಿಟ್ರು. ಎರಡು ತಿಂಗಳು ಮಾತು ಬಿಟ್ಟಿದ್ರು. ಫೋನ್ ಸರಿಹೋಯ್ತು, ಮುಖ ಎತ್ತೋದು ಕಷ್ಟ ಆಯ್ತು," ಎನ್ನುವಾಗ ಇವರ ದನಿ ತಗ್ಗುತ್ತದೆ. ಆಗ ಕಾಲೇಜಿನಲ್ಲಿದ್ದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಲು ಶುರುಮಾಡಿದರು. ಮಗಳು ರೇಗಿದಾಗಲೆಲ್ಲ, "ನಿನಗೆ ಮಗ್ಗಿ ಕಲಿಸಿದ್ದು ಯಾರು?" ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ.

ಕಲಿತದ್ದನ್ನು ಹಂಚುವುದೂ ಸುಲಭವಾಗಿರಲಿಲ್ಲ. ಹೋದ ವರ್ಷ ಸಂಚಾರ ಅಧಿಕಾರಿಯೊಬ್ಬರು ಇವರಿಗೆ ನೋಟಿಸ್ ಕೊಟ್ಟರು. "ನಿಮಗೆ ಸಂಬಳ ಟೈಂ ನೋಡೋಕೆ, ಕಂಡವರ ಫೋನ್ ನೋಡೋಕಲ್ಲ," ಎಂದು ಎಲ್ಲರೆದುರು ಅಂದರು. ಇವರು ತಲೆಯಾಡಿಸಿದರು. ಮಾರನೆಯ ದಿನದಿಂದ ಡ್ಯೂಟಿಗೆ ಅರ್ಧ ಗಂಟೆ ಮೊದಲೇ ಬಂದು ಲಿಂಕು ನೋಡತೊಡಗಿದರು.

ಆ ಅರ್ಧ ಗಂಟೆಯೇ ಕಳೆದ ತಿಂಗಳ ಒಂದು ಸೋಮವಾರ ಡಿಪೋವನ್ನು ಕಾಪಾಡಿತು. ಎಲ್ಲರ ಫೋನೂ ಒಟ್ಟಿಗೆ ಟಿಣ್ ಎಂದಿತು. ಡಿಪೋ ಮ್ಯಾನೇಜರ್ ಫೋಟೊ, ಕೆಳಗೆ ಒಕ್ಕಣೆ: ಡ್ಯೂಟಿ ಪಟ್ಟಿ ಬದಲಾಗಿದೆ, ಗಂಟೆಯೊಳಗೆ ನೋಡದಿದ್ದರೆ ಗೈರುಹಾಜರಿ. ಅದರಡಿ ಗಿಡ್ಡ ಲಿಂಕು. ಗೈರುಹಾಜರಿ ಎಂದರೆ ಯಾರಿಗೆ ಭಯವಿಲ್ಲ? ಬೆರಳುಗಳು ಆಗಲೇ ಲಿಂಕಿನ ಮೇಲಿದ್ದವು.

"ಯಾರೂ ಒತ್ತಬೇಡಿ! ಐದು ನಿಮಿಷ ಕೊಡಿ!" ಮೈಕಿನ ಕೂಗಿಗೆ ಅಂಗಳವೆಲ್ಲ ತಿರುಗಿ ನೋಡಿತು.

ಪ್ಲಸ್ ಹಾಕಿದರು, ಲಿಂಕು ಜಗ್ಗಲಿಲ್ಲ. ಬಿಡಿಸುವ ತಾಣಕ್ಕೆ ಹಾಕಿದರು. ಮುಂದೆ ಡಿಪೋದ ಹೆಸರು ಥಳಥಳ. ಓರೆಗೆರೆಯ ಎಡಕ್ಕೆ ಅಂಟಿಕೊಂಡು ಕಂಡುಕೇಳರಿಯದ ಹೆಸರು. ಗೋಡೆಯ ಮೇಲೆ ಬರೆದಿದ್ದ ನಂಬರಿಗೆ ಫೋನ್ ಮಾಡಿ ಮ್ಯಾನೇಜರನ್ನು ಎಬ್ಬಿಸಿದರು.

"ಯಾವ ಪಟ್ಟಿ? ನಾನೇನೂ ಕಳಿಸಿಲ್ಲಮ್ಮ!"

ಅಷ್ಟು ಸಾಕಾಯಿತು. ಮೈಕಿನಲ್ಲಿ ಸಾರಿದರು, ಊರಿನ ಉಳಿದ ಮೂರು ಡಿಪೋಗಳಿಗೂ ಫೋನ್ ತಿರುಗಿಸಿದರು. ಸಿಬ್ಬಂದಿಯ ಪಾಸ್‌ವರ್ಡ್ ಕದಿಯುವ ಆ ಸಂದೇಶ ಎಂಟುನೂರು ಜನಕ್ಕೆ ಹೋಗಿತ್ತು. ಬಲೆಗೆ ಬಿದ್ದವರು ಇಬ್ಬರೇ. ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪಾಸ್‌ವರ್ಡ್ ಬದಲಾಯಿಸುವಂತೆ ಮಾಡಿದರು. ಐದೂ ಇಪ್ಪತ್ತರ ಮೊದಲ ಬಸ್ಸು ಐದೂ ಇಪ್ಪತ್ತಕ್ಕೇ ಗೇಟು ದಾಟಿತು. ಅದರ ಚಾಲಕ ಕಿಟಕಿಯೆದುರು ಉದ್ದಕ್ಕೆ ಹಾರನ್ ಬಾರಿಸಿದ, ಹಿಂದಿದ್ದವರೂ ಸುಮ್ಮನಿರಲಿಲ್ಲ. ಅಂಗಳಕ್ಕೆ ಅಂಗಳವೇ ಮೊಳಗಿತು.

ಹಾರನ್ ಕೇಳಿ ಓಡಿಬಂದ ಸಂಚಾರ ಅಧಿಕಾರಿಗೂ ವಿಷಯ ತಿಳಿಯಿತು. ಅದೇ ವಾರ ನೋಟಿಸ್ ವಾಪಸಾಯಿತು. ಈಗ ಪ್ರತಿ ಬುಧವಾರ ನಾಲ್ಕೂ ಡಿಪೋಗಳ ಸಿಬ್ಬಂದಿಗೆ ಪ್ಲಸ್ಸಕ್ಕನದೇ ಪಾಠ. ಅಧಿಕಾರಿಯೂ ಬಂದು ಕೂರುತ್ತಾರೆ. "ಓರೆಗೆರೆ ಯಾವುದು ಅಂತ ಮೂರು ಸಲ ಕೇಳಿದ್ರು," ಎಂದು ಪ್ಲಸ್ಸಕ್ಕ ಸೆರಗು ಬಾಯಿಗಿಟ್ಟು ನಗುತ್ತಾರೆ.

ಏನಾದರೂ ಆಸೆಯುಂಟೇ ಎಂದರೆ ಹೊರಡಲಿರುವ ಬಸ್ಸಿನ ವೇಳೆ ಬರೆದು ಮುಗಿಸಿಯೇ ತಲೆಯೆತ್ತುತ್ತಾರೆ.

"ಈ ಕೋಣೇಲಿ ಇನ್ನೊಂದು ಕುರ್ಚಿ ಹಾಕಿಸಿ ಅಂತ ಕೇಳಿದ್ದೀನಿ. ಮೊದಲು ಎಲ್ರೂ ಫೋನ್ ಕೊಟ್ಟು ಹೋಗೋರು. ಈಗ ಒಳಗೇ ಬಂದು, ನಾವೇ ನೋಡ್ತೀವಿ ಕಲಿಸಿ ಅಂತಾರೆ. ಕಲಿಯೋರನ್ನ ನಿಲ್ಲಿಸಬಾರದು, ನೋಡಿ."