ಶನಿವಾರದ ರಿಪೋರ್ಟು

ನನ್ನ ಭಾವ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದವರು. ವಾರ್ಡಿನಿಂದ ಬಂದ ಹಾಸುಬಟ್ಟೆಗಳನ್ನು ಮೇಜಿನ ಮೇಲೆ ಬಿಡಿಸಿ ನೋಡಿಯೇ ಯಂತ್ರಕ್ಕೆ ಹಾಕಬೇಕೆಂಬುದು ಅಲ್ಲಿನ ನಿಯಮ. ಭಾವ ಬಿಡಿಸುತ್ತಿರಲಿಲ್ಲ, ಅಂಗೈಯಿಂದ ತಟ್ಟಿ ನೋಡುತ್ತಿದ್ದರು. ಮರೆತುಹೋದ ಕತ್ತರಿ, ಥರ್ಮಾಮೀಟರು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವೂ ಹಾಗೆಯೇ ಸಿಕ್ಕಿದ್ದವು. ಜೊತೆಯವರು ಅವರನ್ನು ತಟ್ಟಪ್ಪ ಎಂದು ಕರೆಯುತ್ತಿದ್ದರು. ಆ ಹೆಸರಿಗೆ ಭಾವ ಒಳಗೊಳಗೇ ಉಬ್ಬುತ್ತಿದ್ದರು.

ಒಂದು ಸೋಮವಾರ ಹಾಸಿನ ಮಡಿಕೆಯಲ್ಲಿದ್ದ ಇಂಜೆಕ್ಷನ್ ಸೂಜಿ ಅವರ ಅಂಗೈಗೆ ಆಳವಾಗಿ ಚುಚ್ಚಿತು. ಹೇಳಿಕೊಂಡರೆ ತಟ್ಟಪ್ಪನ ಮಾನ ಮೂರು ಕಾಸಿಗೆ ಹರಾಜಾಗುತ್ತದೆಂದು ಕೈ ತೊಳೆದು ಸುಮ್ಮನಾದರು. ನನಗೆ ಹೇಳಿದ್ದು ಶನಿವಾರ. ಕೂಡಲೇ ಎಳೆದುಕೊಂಡು ಹೋದೆ.

ರಕ್ತ ಪರೀಕ್ಷೆಯ ಕೋಣೆಯ ಸಲಹೆಗಾರ್ತಿ ಗದರಲಿಲ್ಲ. "ಮೂರು ದಿನದೊಳಗೆ ಬಂದಿದ್ರೆ ಸೋಂಕು ತಡೆಯೋ ಮಾತ್ರೆ ಶುರು ಮಾಡ್ತಿದ್ವಿ. ಈಗ ಆ ಹೊತ್ತು ಮೀರಿದೆ," ಎಂದರು. ರಿಪೋರ್ಟಿನಲ್ಲಿ ಎಚ್‌ಐವಿ ಇಲ್ಲವೆಂದು ಬಂತು. ಭಾವನ ಮುಖ ಅರಳಿದ್ದನ್ನು ಕಂಡು ಆಕೆ ತಡೆದರು. "ಇದು ಸೂಜಿ ಚುಚ್ಚೋದಕ್ಕೆ ಮುಂಚಿನ ಮಾತು. ಸೂಜಿಯಿಂದ ಬಂದಿದ್ರೆ ಇಷ್ಟು ಬೇಗ ಪರೀಕ್ಷೇಲಿ ಕಾಣಲ್ಲ. ಆರು ವಾರ ಆದ್ಮೇಲೆ ಒಂದ್ಸಲ, ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ಬನ್ನಿ. ಅಲ್ಲೀವರೆಗೂ ಕಾಂಡೋಮ್ ಬಿಡ್ಬೇಡಿ."

ದಾರಿಯಲ್ಲಿ ಭಾವ ಜೇಬಿನಲ್ಲಿದ್ದ ರಿಪೋರ್ಟನ್ನು ಮುಟ್ಟಿಕೊಂಡು ಹೇಳಿದರು: "ನಮ್ಮಲ್ಲಿ ಒಗೆದು ಮುದ್ರೆ ಬಿದ್ದ ಗಂಟನ್ನ ಮತ್ತೆ ಬಿಚ್ಚೋ ಹಾಗಿಲ್ಲ ಕಣೋ. ಇದಕ್ಕೂ ಮುದ್ರೆ ಬಿದ್ದಿದೆ."

ನಾನು ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷ, ಮಗುವಿಗಾಗಿ ಹಂಬಲಿಸುತ್ತಿದ್ದವಳು. "ಏನಂದ್ರೋ?" ಎಂದಳು. ಭಾವ ನನ್ನ ಮುಖವನ್ನೇ ನೋಡುತ್ತಿದ್ದರು. ಗಂಡ ಹೆಂಡತಿಯ ನಡುವೆ ನಾನ್ಯಾಕೆ ಮೂಗು ತೂರಿಸಲಿ ಎಂದುಕೊಂಡೆ. "ಏನೂ ಇಲ್ವಂತೆ ಅಕ್ಕ," ಎಂದುಬಿಟ್ಟೆ.

ನಾನು ಶಾಲೆಯ ಗುಮಾಸ್ತ. ಒಂದು ಅರ್ಜಿ ತಡವಾದರೆ ಮಕ್ಕಳ ಮನೆಯವರಿಗೆ ಮೂರು ಸಲ ಫೋನು ಮಾಡಿ ತಲೆ ತಿನ್ನುವವನು. ಆರು ವಾರ ಕಳೆಯಿತು, ಮೂರು ತಿಂಗಳೂ ಕಳೆಯಿತು, ಭಾವನಿಗೆ ಒಂದು ಸಲವೂ ನೆನಪಿಸಲಿಲ್ಲ. ಕೇಳಿದರೆ ಅವರಿಗೆ ಬೇಜಾರಾದೀತು ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ನಿಜಕ್ಕೂ ನನಗೆ ಉತ್ತರ ಕೇಳುವ ಧೈರ್ಯವಿರಲಿಲ್ಲ.

ಸೂಜಿ ಚುಚ್ಚಿ ಎಂಟು ತಿಂಗಳಾದ ಮೇಲೆ ಅಕ್ಕ ಗರ್ಭಿಣಿಯಾದ ಸುದ್ದಿ ಬಂತು. ಗರ್ಭಿಣಿಯರಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಆಮೇಲೆ ಭಾವನಲ್ಲೂ. ಮಾತ್ರೆ ತಪ್ಪದೆ ತೆಗೆದುಕೊಂಡರೆ ಇಬ್ಬರೂ ಚೆನ್ನಾಗಿರುತ್ತಾರೆ, ಮಗುವಿಗೂ ಬರದಂತೆ ನೋಡಿಕೊಳ್ಳಬಹುದು ಎಂದು ವೈದ್ಯೆ ಸಮಾಧಾನ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಭಾವ ಎಲ್ಲವನ್ನೂ ಹೇಳಿಬಿಟ್ಟರು, ಆರು ವಾರ, ಮೂರು ತಿಂಗಳು, ಕಾಂಡೋಮಿನ ಮಾತು ಸಹಿತ. ಅಕ್ಕ ಅವರ ಕಡೆ ನೋಡಲಿಲ್ಲ, ನನ್ನತ್ತ ತಿರುಗಿದಳು.

"ಅವರಿಗೆ ಹೆದರಿಕೆ, ಬಾಯಿ ಬಿಡ್ಲಿಲ್ಲ. ನಿಂಗೇನಾಗಿತ್ತೋ?"