ಹೊಳೆಗೆ ಬಿಟ್ಟ ಸೀತೆ

ನಾನು ಹೊಸಪೇಟೆಯ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗ ಡ್ಯಾಮು ಇರಲಿಲ್ಲ. ಹೊಳೆ ತನ್ನ ಮನಸ್ಸಿಗೆ ಬಂದಂತೆ ಹರಿಯುತ್ತಿತ್ತು. ಪ್ರತಿ ಸುಗ್ಗಿಗೆ ನಮ್ಮ ಅಂಗಳದಲ್ಲಿ ತೊಗಲುಗೊಂಬೆ ಆಡಿಸುವ ಪದ್ಧತಿ ಇತ್ತು. ಆಡಿಸುವವರು ಬುಕ್ಕಸಾಗರದ ಆಚೆ, ಹೊಳೆದಂಡೆಯ ಒಂದು ಸಣ್ಣ ಊರಿನವರು. ಅವರಿಗೆ ಎಲೆಅಡಿಕೆ ಕೊಟ್ಟು ಕರೆದು ಬರುವುದು ಮಾವನವರ ಕೆಲಸ. ಆ ವರ್ಷ ಮಾವನವರ ಕಾಲು ಉಳುಕಿತ್ತು. ಅತ್ತೆ ತಾನೇ ಹೋಗುತ್ತೇನೆಂದು ಎದ್ದು, ನನ್ನನ್ನೂ ಹೊರಡಿಸಿದರು.

ಅತ್ತೆ ಮಾತು ಕಡಿಮೆಯ ಹೆಂಗಸು. ಒಲೆ, ಹಿಟ್ಟು, ನೀರು ಇವುಗಳ ಆಚೆ ನನ್ನೊಂದಿಗೆ ಮಾತಾಡಿದ್ದೇ ಇಲ್ಲ. ನಸುಕಿನಲ್ಲಿ ಗಾಡಿ ಹೊರಟಾಗ ನಾನು ಮೂಲೆಯಲ್ಲಿ ಮುದುಡಿ ಕೂತಿದ್ದೆ. ಕಮಲಾಪುರದ ಕೆರೆಯ ಮೇಲೆ ಮಂಜು ಹಾಸಿತ್ತು. ಬಾಳೆತೋಟಗಳು ಅದರೊಳಗೆ ಅರ್ಧ ಮುಳುಗಿದ್ದವು. ಅಲ್ಲಿಂದ ನೇರ ದಾರಿಯಿತ್ತು. ಆದರೆ ಅತ್ತೆ ಅಕ್ಕತಂಗೇರ ಗುಡ್ಡದ ಕಡೆ ಹೊಡೆಯಲು ಹೇಳಿದರು. ಸುತ್ತಾಗುತ್ತದೆ ಎಂದು ಗಾಡಿಯವನು ಗೊಣಗಿದ. ಆಗಲಿ ಎಂದರು.

ಎರಡು ಭಾರಿ ಗುಂಡುಕಲ್ಲುಗಳು ಒಂದಕ್ಕೊಂದು ತಲೆ ಕೊಟ್ಟು ನಿಂತಿದ್ದವು. ಹಂಪಿಯನ್ನು ನೋಡಲು ಬಂದ ಅಕ್ಕತಂಗಿಯರು ಊರನ್ನು ಹಳಿದು ಕಲ್ಲಾದರು ಎಂಬ ಕಥೆ ನನಗೂ ಗೊತ್ತಿತ್ತು. ಅತ್ತೆ ಗಾಡಿ ನಿಲ್ಲಿಸಿ ಬಹಳ ಹೊತ್ತು ನೋಡಿದರು.

"ಜನ ಏನರ ಅನ್ನಲಿ," ಎಂದರು. "ನನಗ ಇವರು ನಡದು ದಣದು, ಒಬ್ಬರಿಗೊಬ್ಬರು ಒರಗಿದಂಗ ಕಾಣ್ತೈತಿ."

ಆಮೇಲೆ ದಾರಿಯುದ್ದಕ್ಕೂ ಬಂಡೆಗಳನ್ನು ತೋರಿಸುತ್ತ ಬಂದರು. ಒಂದು ಮಲಗಿದ ಎಮ್ಮೆ, ಒಂದು ಬೋರಲು ಹಾಕಿದ ಮಡಿಕೆ, ಒಂದು ಮಗುವಿಗೆ ಹಾಲೂಡುವ ತಾಯಿ. ಬಿಸಿಲೇರಿದಂತೆ ನೆರಳು ಸರಿದು, ಎಮ್ಮೆ ಆನೆಯಾಗುತ್ತಿತ್ತು, ತಾಯಿ ಬರೀ ಕಲ್ಲಾಗುತ್ತಿದ್ದಳು. ನಾನು ನಕ್ಕೆ. ಅತ್ತೆಯೂ ನಕ್ಕರು. ಗಾಡಿ ಅಲುಗುತ್ತ ಅಲುಗುತ್ತ, ನಾನು ಎಚ್ಚರವಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯದಂತಾಗಿತ್ತು.

ಗೊಂಬೆಯವರ ಊರು ಎಂದರೆ ಹೊಳೆಗೆ ಮುಖ ಮಾಡಿದ ಕೆಲವೇ ಗುಡಿಸಲು. ಅಂಗಳದಲ್ಲಿ ಆಡಿನ ತೊಗಲನ್ನು ಗೂಟ ಹೊಡೆದು ಬಿಸಿಲಿಗೆ ಬಿಗಿದಿದ್ದರು. ಒಬ್ಬಳು ಹದವಾದ ತೊಗಲಿನ ಮೇಲೆ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆಯುತ್ತಿದ್ದಳು. ರಾವಣನ ಕಿರೀಟ ಅರ್ಧ ಮೂಡಿತ್ತು. ನಮ್ಮದು ಲಿಂಗ ಕಟ್ಟಿದ ಮನೆ, ಚರ್ಮ ಮುಟ್ಟುವಂತಿಲ್ಲ. ಅತ್ತೆ ಸೆರಗು ಬಿಗಿದುಕೊಂಡು ದೂರದ ಕಟ್ಟೆಯ ಮೇಲೆ ಕೂತರು.

ಮೇಳದ ಹಿರಿಯಳು, ಆಟದಲ್ಲಿ ಪರದೆಯ ಹಿಂದೆ ಹಾಡುವ ಮುದುಕಿ, ಎಲೆಅಡಿಕೆ ತಗೊಂಡು ಸುಗ್ಗಿಗೆ ಬರುವೆವೆಂದು ಒಪ್ಪಿದಳು. ಹೊಸ ಸೀತೆಯನ್ನು ಮಾಡಿದ್ದೇವೆ, ಹಳೆಯವಳನ್ನು ಇವತ್ತು ಹೊಳೆಗೆ ಬಿಡುತ್ತೇವೆ ಎಂದಳು. ಆಡಿ ಸವೆದ ಗೊಂಬೆಯನ್ನು ಪೂಜೆ ಮಾಡಿ ನೀರಿಗೆ ಬಿಡುವುದು ಅವರ ಪದ್ಧತಿ. ಮೊರದಲ್ಲಿ ಆ ಸೀತೆ ಮಲಗಿದ್ದಳು. ಒಂದು ಕೈ ಹರಿದಿತ್ತು.

ಅತ್ತೆ ಕಟ್ಟೆಯಿಂದ ಇಳಿದು ಹತ್ತಿರ ಬಂದರು. ಕಂಪ್ಲಿಯ ಕಡೆ ಯಾವಾಗಲಾದರೂ ಇವಳನ್ನು ಆಡಿಸಿದ್ದುಂಟೇ ಎಂದು ಕೇಳಿದರು. ಕಂಪ್ಲಿ ಅವರ ತವರು. ತನ್ನ ಅತ್ತೆಯ ಕಾಲದಿಂದಲೂ ಆಡಿಸಿದ್ದೇವೆ ಎಂದಳು ಮುದುಕಿ.

"ನಮ್ಮವ್ವನ ತೊಡಿ ಮ್ಯಾಲ ಕುಂತು ಇಕಿನ್ನ ನೋಡಿದ್ದೆ," ಎಂದರು ಅತ್ತೆ. "ಆ ವರ್ಷನ ಅವ್ವ ಹೋದಳು. ಅವ್ವನ ಮುಖ ನೆನಪಿಲ್ಲ. ಇಕಿ ಮುಖ ಐತಿ."

ಗೊಂಬೆಯನ್ನು ತಮಗೆ ಕೊಡು ಎಂದು ಕೇಳಿದರು. ಮುದುಕಿ ಮೊರವನ್ನು ತನ್ನ ಹತ್ತಿರ ಎಳೆದುಕೊಂಡಳು.

"ಕೊಡಾಕ ಬರಂಗಿಲ್ರಿ ತಾಯಿ. ಕುಣದಾಕಿ, ಪೆಟ್ಟಿಗ್ಯಾಗ ಇಟ್ರ ನರಳ್ತಾಳ. ಬೇಕಾದ್ರ ನೀವ ಬಿಟ್ಟು ಬರ್ರಿ."

ಬಿಡುವ ಮುನ್ನ ಅವಳು ಸೀತೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಮಾಸಿದ ತೊಗಲು ದೀಪ ಹಚ್ಚಿದಂತೆ ಬೆಳಗಿತು. ಕೆಂಪು, ಹಸಿರು ಬೆಳಕು ಅತ್ತೆಯ ಮುಖದ ಮೇಲೆ, ಕುತ್ತಿಗೆಯ ಮೇಲೆ ಬಿದ್ದು ನಡುಗಿತು. ಅವರು ಎರಡೂ ಕೈ ಚಾಚಿದರು. ನನಗೆ ಗಾಬರಿಯಾಯಿತು, ಆದರೆ ತಡೆಯಲಿಲ್ಲ. ಎಳೆಗೂಸನ್ನು ಎತ್ತಿಕೊಳ್ಳುವಂತೆ ತಲೆಗೆ ಅಂಗೈ ಆನಿಸಿ ಎತ್ತಿಕೊಂಡರು.

ಮೊಣಕಾಲುದ್ದದ ನೀರಿನಲ್ಲಿ ನಿಂತು, ಅರಿಸಿನ ಕುಂಕುಮ ಹಚ್ಚಿ, ಮೆಲ್ಲಗೆ ಬಿಟ್ಟರು. ದಂಡೆಯ ಮೇಲೆ ಮುದುಕಿ ಹಾಡುತ್ತಿದ್ದಳು. ಸೀತೆ ಮಲಗಿಕೊಂಡೇ ಸಾಗಿದಳು. ಒಂದು ಬಂಡೆಯ ಬಳಿ ಸುಳಿಯಲ್ಲಿ ನಿಧಾನ ತಿರುಗಿದಳು, ಯಾರನ್ನೋ ಹುಡುಕಿದ ಹಾಗೆ. ಆಮೇಲೆ ಕಾಣಲಿಲ್ಲ. ಅತ್ತೆ ಅಳಲಿಲ್ಲ. ನೀರಲ್ಲೇ ನಿಂತಿದ್ದರು. ನಾನು ಇಳಿದು ಹೋಗಿ ಕೈ ಹಿಡಿದಾಗ, ಬಿಡಿಸಿಕೊಳ್ಳದೆ ಬಂದರು.

ಹಿಂದಿರುಗುವಾಗ ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದರು. ಮನೆಗೆ ಬಂದವರೇ ಸ್ನಾನ ಮಾಡಿ ಪೂಜೆಗೆ ಕೂತರು. ಮೇಳ ಒಪ್ಪಿತೇ ಎಂದು ಮಾವ ಕೇಳಿದರು, ಒಪ್ಪಿದೆ ಎಂದರು ಅತ್ತೆ. ಹೊಳೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತಿದ್ದಾಗ ಮಾತ್ರ, ನಿನ್ನ ತವರಲ್ಲಿ ಯಾರ್ಯಾರಿದ್ದಾರೆ, ಅವ್ವ ಹೇಗಿದ್ದಾಳೆ ಎಂದು ಮೊದಲ ಸಲ ಕೇಳಿದರು. ಒಲೆಯ ಮುಂದೆ ಕೂತು ನಾನು ಹೇಳುತ್ತ ಹೋದೆ. ರೊಟ್ಟಿ ಸೀದರೂ ಅವರು ಗದರಲಿಲ್ಲ.