ಹಳಿ ಅಣ್ಣನಿಗೆ, ಕರೆಂಟು ತಮ್ಮನಿಗೆ

ಗೆಳೆಯರೇ, ಇವತ್ತು ಬೆಳಿಗ್ಗೆ ರಾಣೆಬೆನ್ನೂರಿನ ನನ್ನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಒಂದು ಪುಟ್ಟ ರೈಲು ಪಾಲಾಯಿತು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ತೀರಿಕೊಳ್ಳುವ ಮುಂಚೆ ತಮ್ಮ ಎರಡು ಮಾದರಿ ರೈಲು ಎಂಜಿನ್‌ಗಳನ್ನು, ಅವು ಓಡುವ ಹಳಿ ಮತ್ತು ಹಳಿಗೆ ಕರೆಂಟು ಕೊಡುವ ಡಬ್ಬಿಯ ಸಮೇತ ತಂದುಕೊಟ್ಟು, "ಎರಡೂ ಕೂಡಿ ಓಡಬೇಕು ನೋಡ್ರಿ" ಅಂದಿದ್ದರು. ನಾನೂ ಮಾತು ಕೊಟ್ಟಿದ್ದೆ. ಎರಡೂ ಬೇರೆ ಬೇರೆ ಕಂಪನಿಯವು. ಒಂದು ಓಡುತ್ತಿತ್ತು, ಇನ್ನೊಂದು ತೆವಳುತ್ತಿತ್ತು. ಜೋಡಿಸಿದರೆ ಕರಕರ ಅನ್ನುತ್ತಿದ್ದವು. ಒಣಗಿದ ಗ್ರೀಸು ಕೆರೆದೆ, ಸವೆದ ಹಲ್ಲುಚಕ್ರ ಬದಲಿಸಿದೆ, ವೇಗ ಹೊಂದಿಸಿದೆ. ಇವತ್ತು ಅವರ ಇಬ್ಬರು ಗಂಡುಮಕ್ಕಳನ್ನು ಕರೆಸಿ ಓಡಿಸಿ ತೋರಿಸಿದೆ. ಸದ್ದಿಲ್ಲದೆ ಜೋಡಿಯಾಗಿ ಸುತ್ತು ಹಾಕಿದವು.

"ಅಪ್ಪಾರು ನೋಡಬೇಕಿತ್ತು," ಎಂದ ಹಿರಿಯ, ಎಂಜಿನ್‌ಗಳ ಕೊಂಡಿ ಬಿಚ್ಚುತ್ತ. "ತಗೋ, ನಿನಗೊಂದು, ನನಗೊಂದು." ಹಳಿಗಳನ್ನೂ ಅವನೇ ಇಟ್ಟುಕೊಂಡ. ಕರೆಂಟಿನ ಡಬ್ಬಿಯನ್ನು ತಮ್ಮ ಎತ್ತಿಕೊಂಡ.

"ಹಳಿ ಅಲ್ಲಿ, ಕರೆಂಟ್ ಇಲ್ಲಿ ಆದ್ರ ಇವು ಓಡೂದು ಹ್ಯಾಂಗ್ರಿ?" ಎಂದೆ.

"ಓಡಸಾಕ ಯಾರಿಗೆ ಪುರಸೊತ್ತೈತ್ರಿ? ಪಾಲು-ವಾಟ್ನಿ ಸರಿ ಆತಲ್ಲ, ಸಾಕು," ಎಂದ ತಮ್ಮ.

ಹೊರಡುವಾಗ ಇಬ್ಬರೂ "ರಿಪೇರಿ ಚಲೋ ಮಾಡೀರಿ" ಎಂದು ಹೊಗಳಿದರು. ಅವರಪ್ಪನಿಗೆ ಕೊಟ್ಟ ಮಾತನ್ನು ನಾನು ಸುಮಾರು ಹತ್ತು ನಿಮಿಷ ಉಳಿಸಿಕೊಂಡೆ.